ಸುದ್ದಿಯ ಮುಂದಿನ ಸಾಲು: ಪಡ್ರೆಯಿಂದ ದೆಹಲಿಗೆ



ರಾತ್ರಿ ಒಂಬತ್ತಕ್ಕೆ ಟಿವಿ ವಾರ್ತೆ ಹಾಕಿ ಹತ್ತೇ ನಿಮಿಷದಲ್ಲಿ ಆರಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಕೈ ಎತ್ತಬೇಕಾಗಿಲ್ಲ, ನಾನೂ ಅವರಲ್ಲೊಬ್ಬಳು. ಆಕ್ಸ್‌ಫರ್ಡಿನ ರಾಯ್ಟರ್ಸ್ ಇನ್‌ಸ್ಟಿಟ್ಯೂಟ್ 2024ರಲ್ಲಿ ಹಲವು ದೇಶಗಳಲ್ಲಿ ಕೇಳಿದಾಗ, ನೂರಕ್ಕೆ 39 ಮಂದಿ ಸುದ್ದಿಯನ್ನು ಬೇಕೆಂದೇ ದೂರ ಇಡುತ್ತೇವೆ ಎಂದರಂತೆ. 2017ರಲ್ಲಿ ಈ ಸಂಖ್ಯೆ 29 ಇತ್ತು. ಸುದ್ದಿ ಕೆಟ್ಟದ್ದು ಅನ್ನುವುದಷ್ಟೇ ಇದಕ್ಕೆ ಕಾರಣವಲ್ಲ ಅಂತ ನನಗನ್ನಿಸುತ್ತದೆ. ಪ್ರತಿ ನವೆಂಬರಿನಲ್ಲಿ ದೆಹಲಿಯ ಗಾಳಿ ವಿಷವಾಯಿತು ಎಂದು ಓದುತ್ತೇವೆ. ಕಳೆದ ವರ್ಷದ ಶೀರ್ಷಿಕೆ, ಅದೇ ಮಬ್ಬಿನ ಇಂಡಿಯಾ ಗೇಟ್ ಫೋಟೋ. ಮುಂದೇನು? ಅದನ್ನು ಹೇಳುವವರಿಲ್ಲ. ಆಗ ರಿಮೋಟ್ ಕೈಗೆ ಬರುತ್ತದೆ.

ಆ 'ಮುಂದೇನು' ಎಂಬ ಮಾತನ್ನು ಕೇಳಿದ ಒಬ್ಬ ಕನ್ನಡ ಪತ್ರಕರ್ತರ ಕಥೆ ಹೇಳುತ್ತೇನೆ. ಕಾಸರಗೋಡಿನ ಪಡ್ರೆ ಗ್ರಾಮದ ಶ್ರೀಪಡ್ರೆ. ಅವರ ಊರಿನ ಗುಡ್ಡಗಳ ಮೇಲೆ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕರುಗಳು ಕಾಲು ಸೊಟ್ಟಗಾಗಿ ಹುಟ್ಟುತ್ತಿವೆ ಎಂದು ಶ್ರೀಪಡ್ರೆ ಮೊದಮೊದಲೇ ಬರೆದರು. ಯಾರೂ ಕಿವಿಗೊಡಲಿಲ್ಲ. ಅಲ್ಲಿನ ವೈದ್ಯ ಡಾ. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ಅಸಹಜವಿದೆ ಎಂದು ಗುರುತಿಸಿದರು. ಕೊನೆಗೆ ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳು ಬಂದದ್ದು ಎಲ್ಲಿಗೆ ಗೊತ್ತೇ? ನಮ್ಮ ದೆಹಲಿಗೆ, ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟಿನ ಪ್ರಯೋಗಾಲಯಕ್ಕೆ. 2001ರಲ್ಲಿ 'ಡೌನ್ ಟು ಅರ್ಥ್' ಪತ್ರಿಕೆ ಫಲಿತಾಂಶ ಪ್ರಕಟಿಸಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ, ಅದೂ ಮೂರು ತಿಂಗಳೊಳಗೆ ಕೊಡಿ ಎಂದಿತು. ಹಣ ತಲುಪಿಲ್ಲವೆಂದು 2022ರಲ್ಲಿ ಮತ್ತೆ ಅದೇ ಕೋರ್ಟು ತರಾಟೆಗೆ ತೆಗೆದುಕೊಳ್ಳಬೇಕಾಯಿತು.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ರಚನಾತ್ಮಕ ಪತ್ರಿಕೋದ್ಯಮ ಎಂದೊಡನೆ ಸಿಹಿ ಸುದ್ದಿ, ಸನ್ಮಾನದ ಸುದ್ದಿ ಎಂದುಕೊಳ್ಳುವವರಿದ್ದಾರೆ. ಅಲ್ಲ. ತಪ್ಪನ್ನು ತಪ್ಪೆಂದು ಬರೆಯುವ ಧೈರ್ಯ ಮೊದಲು ಬೇಕು.

ಇದೇ ಶ್ರೀಪಡ್ರೆ ಮುಂದೆ 1988ರಲ್ಲಿ ಪುತ್ತೂರಿನಿಂದ ಶುರುವಾದ 'ಅಡಿಕೆ ಪತ್ರಿಕೆ'ಯ ಸಂಪಾದಕರಾದರು. ಅಡಿಕೆ ಬೆಲೆ ಬಿದ್ದು ಕೃಷಿಕರು ಕಂಗಾಲಾಗಿದ್ದ ಕಾಲ. ಬರೆಯುವವರು ಕೃಷಿಕರೇ, ಓದುವವರೂ ಕೃಷಿಕರೇ. ಪೆನ್ನು ಹಿಡಿದು ರೂಢಿಯಿಲ್ಲದವರಿಗೆ ಶಿಬಿರ ಮಾಡಿ ಬರೆಯಲು ಕಲಿಸಿದರು. ಲೇಖನದ ಕೊನೆಯಲ್ಲಿ ಆ ಕೃಷಿಕನ ಫೋನ್ ನಂಬರು. ಇದು ಸಣ್ಣ ಸಂಗತಿಯಲ್ಲ. ಓದುಗ ನೇರ ಫೋನ್ ಮಾಡಿ 'ನೀವು ಹೇಳಿದ್ದು ನಿಜವೇ?' ಎಂದು ಕೇಳಬಹುದಾದ ಪತ್ರಿಕೆಯಲ್ಲಿ ಬರಹಗಾರ ಉತ್ಪ್ರೇಕ್ಷೆ ಮಾಡಲು ಹತ್ತು ಸಲ ಯೋಚಿಸುತ್ತಾನೆ. ನಂಬಿಕೆ ಅಂದರೆ ಇನ್ನೇನು?

2021ರ ಕೊರೊನಾ ಕಾಲದಲ್ಲಿ ಬಾಳೆಗೊನೆ ಕೇಳುವವರಿರಲಿಲ್ಲ. ಆಗ ಬಾಳೆಕಾಯಿ ಹುಡಿ, ಚುಟುಕಾಗಿ 'ಬಾಕಾಹು', ಮಾಡುವ ಬಗೆಯನ್ನು ಶ್ರೀಪಡ್ರೆ ಮತ್ತು ಗೆಳೆಯರು ವಾಟ್ಸಾಪಿನಲ್ಲಿ ಹರಡಿದರು. ಉತ್ತರ ಕನ್ನಡ, ದಕ್ಷಿಣ ಕನ್ನಡದ ಗೃಹಿಣಿಯರು ಕಾಯಿ ಹೆಚ್ಚಿ, ಒಣಗಿಸಿ, ಹುಡಿ ಮಾಡಿ, ದೋಸೆ, ಗುಲಾಬ್ ಜಾಮೂನು ತಯಾರಿಸಿ ಫೋಟೋ ಹಾಕಿದರು. ಜುಲೈ ತಿಂಗಳ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಗಳೂ ಈ ಮಹಿಳೆಯರ ಮಾತೆತ್ತಿದರು. ನಮ್ಮ ಅಡುಗೆಮನೆಯ ಒಗ್ಗರಣೆ ದೆಹಲಿಯವರೆಗೆ ಘಮಘಮಿಸಿತು ಅನ್ನಿ!

ಆದರೆ ಇಲ್ಲೂ ಪ್ರಶ್ನೆ ಕೇಳಬೇಕು. ಒಣಗಿಸಲು ಬಿಸಿಲಿಲ್ಲದ ಮಳೆಗಾಲದಲ್ಲಿ ಏನು ಗತಿ? ಮಾರಿದರೆ ಕೂಲಿ ಗಿಟ್ಟುತ್ತದೆಯೇ? ಯಾರಿಗೆ ಕೈಗೂಡಲಿಲ್ಲ, ಏಕೆ? ಇದನ್ನೂ ಬರೆದರೆ ಮಾತ್ರ ಅದು ವರದಿ. ಇಲ್ಲದಿದ್ದರೆ ಜಾಹೀರಾತು.

ದೆಹಲಿಯ ಪಕ್ಕದ ಉತ್ತರ ಪ್ರದೇಶದಲ್ಲೂ ಇಂಥ ಹೆಣ್ಣುಮಕ್ಕಳಿದ್ದಾರೆ. 2002ರಲ್ಲಿ ಚಿತ್ರಕೂಟದಲ್ಲಿ ಹುಟ್ಟಿದ 'ಖಬರ್ ಲಹರಿಯಾ' ಹಳ್ಳಿಯ ಮಹಿಳೆಯರೇ ನಡೆಸುವ ಸುದ್ದಿ ಸಂಸ್ಥೆ. ರಸ್ತೆಯಿಲ್ಲ, ಕರೆಂಟಿಲ್ಲ ಎಂದು ಬರೆದು ಸುಮ್ಮನಾಗದೆ ಮತ್ತೆ ಅದೇ ಊರಿಗೆ ಹೋಗಿ, ಬಂತೇ ಎಂದು ನೋಡುತ್ತಾರೆ. ಅವರ ಮೇಲಿನ ಸಾಕ್ಷ್ಯಚಿತ್ರ 'ರೈಟಿಂಗ್ ವಿತ್ ಫೈರ್' ಆಸ್ಕರ್ ನಾಮನಿರ್ದೇಶನ ಪಡೆದದ್ದು ನಿಮಗೆ ನೆನಪಿರಬಹುದು.

ಈಗ ನಮ್ಮ ಸ್ಮರಣ ಸಂಚಿಕೆಗೆ ಬರೋಣ. ಪ್ರತಿ ಸಲ ಕವಿತೆ, ಪ್ರವಾಸ ಕಥನ, ಅಡುಗೆ ಬರೆಯುತ್ತೇವೆ, ಬರೆಯಲೇಬೇಕು. ಜೊತೆಗೆ ಮುಂದಿನ ಸಂಚಿಕೆಗೆ ಒಬ್ಬೊಬ್ಬರು ನಿಮ್ಮ ಸೊಸೈಟಿಯ ಒಂದು ತೊಂದರೆ ಹೇಗೆ ಬಗೆಹರಿಯಿತು ಎಂದು ಬರೆದು ಕೊಡಿ. ಕಸ ಬೇರ್ಪಡಿಸಿದ್ದು, ಟ್ಯಾಂಕರ್ ನೀರು ಕಡಿಮೆಯಾದದ್ದು, ಮನೆಕೆಲಸದಾಕೆಯ ಮಗಳು ಶಾಲೆಗೆ ಸೇರಿದ್ದು, ಏನಾದರೂ ಸರಿ. ಎಷ್ಟು ಖರ್ಚಾಯಿತು, ಯಾರು ಜಗಳವಾಡಿದರು, ಯಾವುದು ಕೆಟ್ಟುಹೋಯಿತು, ಅದನ್ನೂ ಬಿಡಬೇಡಿ. ಎರಡು ಪುಟ ಸಾಕು. ದ್ವಾರಕಾದವರು ಬರೆದದ್ದನ್ನು ನೋಯ್ಡಾದವರು ಓದಿ ಫೋನ್ ಮಾಡಿ ವಿಚಾರಿಸಲಿ.