ಹುಲ್ಲು ಹೇಳುವ ಸುದ್ದಿ

(ಕಮ್ಮರಡಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ಕರಿದ ಹಪ್ಪಳ ಗಳಿಗೆಯಲ್ಲಿ ಮೆತ್ತಗಾಗುತ್ತದೆ. ಮರದ ಬಾಗಿಲು ಉಬ್ಬುತ್ತದೆ, ಹಾಕಲಿಕ್ಕೇ ಬರಲ್ಲ. ಯಾಕೆ? ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರು ಇದೆ. ಅದೇ ತೇವ. ಮರ, ಹುಲ್ಲು, ನಾರು, ಕಾಳು ಎಲ್ಲವೂ ಅದನ್ನು ಹೀರುತ್ತವೆ.

ಒಂದು ವರ್ಷ ನಾನು ಕಾಳುಮೆಣಸು ಚೆನ್ನಾಗಿ ಒಣಗಿಸಿದ್ದೆ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೆ. ಆಷಾಢದಲ್ಲಿ ಒಂದು ದಿನ ಮಳೆ ಬಿಟ್ಟಿತ್ತು. ಗಾಳಿ ಆಡಲಿ ಅಂತ ಚೀಲ ಬಿಚ್ಚಿಟ್ಟೆ. ಮಳೆ ಬಿಟ್ಟಿದ್ದರೂ ಗಾಳಿಯ ತೇವ ಬಿಟ್ಟಿರಲಿಲ್ಲ. ಕೆಲವು ದಿನ ಕಳೆದು ನೋಡಿದರೆ ಬೂಷ್ಟು! ಮಗಳ ಫೀಸಿಗೆ ಅಂತ ಇಟ್ಟ ಮೆಣಸು ಅದು.

ಒಣಮೆಣಸಿನ ಕಾಳಲ್ಲಿ ತೇವ ನೂರಕ್ಕೆ 12 ಪಾಲು ದಾಟಬಾರದು. ದಾಟಿದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟಿನಲ್ಲಿ ವಿಷ ಇರುತ್ತದೆ. ಬೇಯಿಸಿದರೂ ಪೂರ್ತಿ ಹೋಗಲ್ಲ.

ಹಾಗಾದರೆ ಗಾಳಿಯ ತೇವ ತಿಳಿಯುವುದು ಹೇಗೆ? ಬೇಣದಲ್ಲಿ ನಡೆದರೆ ಬಟ್ಟೆಗೆ ಚುಚ್ಚಿಕೊಳ್ಳುವ ಹುಲ್ಲಿದೆಯಲ್ಲ? ಅದರ ಬೀಜಕ್ಕೆ ಉದ್ದನೆಯ ಊಬು ಇರುತ್ತದೆ. ಒಣಗಿದಾಗ ಅದು ಹಗ್ಗದ ಹಾಗೆ ಹೊಸೆದುಕೊಳ್ಳುತ್ತದೆ. ತೇವ ತಾಗಿದರೆ ಬಿಚ್ಚಿಕೊಳ್ಳುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಇಂಥದೇ ಊಬಿನಿಂದ ತೇವ ತಿಳಿಯುವ ವಿಧಾನವನ್ನು 1665ರಲ್ಲೇ ಬರೆದಿದ್ದರು.

ನಾವೂ ಮಾಡಬಹುದು. ರಟ್ಟಿಗೆ ಸಣ್ಣ ತೂತು ಮಾಡಿ. ಬೀಜವನ್ನು ತೂರಿಸಿ, ಅಡಿಯಲ್ಲಿ ಮೇಣ ಹಚ್ಚಿ. ಊಬು ಮೇಲೆ ನೆಟ್ಟಗೆ ನಿಲ್ಲಲಿ. ಅದರ ಬಾಗಿದ ತುದಿಯೇ ಗಡಿಯಾರದ ಮುಳ್ಳು. ಒಲೆಯಿಂದ ಸ್ವಲ್ಪ ದೂರದಲ್ಲಿಟ್ಟು ಒಣಗಿಸಿ. ಮುಳ್ಳು ನಿಂತ ಕಡೆ ‘ಒಣ’ ಅಂತ ಬರೆಯಿರಿ. ಆಮೇಲೆ ಬಿಸಿನೀರಿನ ಹಬೆಗೆ ಹಿಡಿಯಿರಿ. ಮುಳ್ಳು ತಿರುಗುತ್ತದೆ. ನಿಂತ ಕಡೆ ‘ತೇವ’ ಅಂತ ಬರೆಯಿರಿ. ಮುಳ್ಳು ಒಂದು ಸುತ್ತು ದಾಟಿದರೆ ಗಿಡ್ಡ ಊಬು ಹುಡುಕಿ.

ಇದಕ್ಕೆ ಕರೆಂಟು ಬೇಡ, ದುಡ್ಡೂ ಬೇಡ. ಹಳೆಯದಾದರೆ ಊಬು ಗೊಬ್ಬರದ ಗುಂಡಿಗೆ. ಈಗ ವಿಜ್ಞಾನಿಗಳು ಕಾಗದದಿಂದಲೂ ತೇವ ಅಳೆಯುವ ಸಾಧನ ಮಾಡುತ್ತಿದ್ದಾರೆ. ಕಾಗದವೂ ಗಿಡಮರದ ನಾರೇ. ತೇವ ಹೀರಿದ ಕಾಗದದಲ್ಲಿ ಕರೆಂಟು ಹೆಚ್ಚು ಹರಿಯುತ್ತದೆ. ಅದನ್ನು ಅಳೆದು ತೇವ ತಿಳಿಯುತ್ತಾರೆ.

ಒಂದು ಮಾತು ನೆನಪಿಡಿ. ಊಬು ತೋರಿಸುವುದು ಗಾಳಿಯ ತೇವ. ಕಾಳಿನೊಳಗಿನ ತೇವ ಅಲ್ಲ. ಅದಕ್ಕೆ ಮೀಟರೇ ಬೇಕು. ಆದರೆ ಮುಳ್ಳು ‘ತೇವ’ದ ಕಡೆ ಇದ್ದ ದಿನ ಚೀಲ ಬಿಚ್ಚಬೇಡಿ. ಅಷ್ಟು ತಿಳಿದಿದ್ದರೆ ನನ್ನ ಮೆಣಸು ಉಳಿಯುತ್ತಿತ್ತು.

ಬರುವ ವಾರ ಒಂದೊಂದು ಊಬು ತನ್ನಿ. ಕೂಡಿ ಮಾಡೋಣ. ‘ಒಣ’, ‘ತೇವ’, ಈ ಎರಡು ಮಾತನ್ನು ನಿಮ್ಮ ಕೈಯಾರೆ ಬರೆಯಿರಿ.