ಸಕ್ಕರೆ ಕಾಯಿಲೆಗೆ ಸಂತೆಯ ಊಟ



ನಾನು ವೈದ್ಯನಲ್ಲ. ಸೇತುವೆ, ಕಾಲುವೆಗಳ ಲೆಕ್ಕ ಹಾಕಿ ನಿವೃತ್ತನಾದ ಸರ್ಕಾರಿ ಇಂಜಿನಿಯರ್, ಹನ್ನೊಂದು ವರ್ಷದಿಂದ ಮಧುಮೇಹಿ. ಆದ್ದರಿಂದ ತಟ್ಟೆಯ ಲೆಕ್ಕವನ್ನಷ್ಟೇ ಹೇಳುತ್ತೇನೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ತಿಂಡಿಗೆ ನೀರುದೋಸೆ, ಅದೂ ಅಕ್ಕಿಯೇ. ಪಡಿತರದ ಅಕ್ಕಿ ಪುಕ್ಕಟೆ, ತರಕಾರಿಗೆ ದುಡ್ಡು ಬೇಕು. ಬಡವನಿಗೆ ‘ಅನ್ನ ಬಿಡು’ ಎನ್ನುವವರು ಬಹಳ, ಬದಲಿಗೆ ಏನು ಉಣ್ಣಬೇಕೆಂದು ಹೇಳುವವರು ಕಡಿಮೆ.

ಬಯಲುಸೀಮೆಯಿಂದ ನೌಕರಿಗೆ ಬಂದ ನಮ್ಮವರಿಗೆ ಜೋಳದ ರೊಟ್ಟಿಯ ಮೇಲೆ ಭಾರಿ ನಂಬಿಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಂ ಕುಚ್ಚಲಕ್ಕಿಗೆ ಸುಮಾರು 77 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಜೋಳ, ರಾಗಿಗೆ 67ರ ಆಸುಪಾಸು. ನಾರು ಹೆಚ್ಚು, ನಿಜ. ಆದರೆ ನಾಲ್ಕು ರೊಟ್ಟಿ ತಿಂದರೆ ಲೆಕ್ಕ ಎಲ್ಲಿಗೆ ಬಂತು? ‘ಡಯಾಬಿಟಿಕ್’ ಎಂದು ಬರೆದ ದುಬಾರಿ ಹಿಟ್ಟಿನ ಪೊಟ್ಟಣದ ಕಥೆಯೂ ಇಷ್ಟೇ.

ಈಗ ಹುರುಳಿ ನೋಡಿ. ಕಾರ್ಬೋಹೈಡ್ರೇಟ್ 57, ಪ್ರೋಟೀನ್ ಸುಮಾರು 22. ಒಂದು ಊಟಕ್ಕೆ 150 ಗ್ರಾಂ ಅಕ್ಕಿ ಬೇಯಿಸಿದರೆ ಕಾರ್ಬೋಹೈಡ್ರೇಟ್ 115 ಗ್ರಾಂ. 50 ಗ್ರಾಂ ಅಕ್ಕಿ, 50 ಗ್ರಾಂ ಹುರುಳಿ ಮಾಡಿಕೊಂಡರೆ 67ಕ್ಕೆ ಇಳಿಯುತ್ತದೆ, 11 ಗ್ರಾಂ ಪ್ರೋಟೀನ್ ಹುರುಳಿಯಿಂದಲೇ ಸಿಗುತ್ತದೆ, ಹಸಿವೆಯೂ ಬೇಗ ಬಾರದು. ಭತ್ತ ಕೊಯ್ದ ಗದ್ದೆಯಲ್ಲಿ ಉದ್ದು, ಹುರುಳಿ, ಅಲಸಂಡೆ ಬಿತ್ತುವ ರೂಢಿ ಈ ಕರಾವಳಿಯಲ್ಲಿ ಮೊದಲಿನಿಂದಲೂ ಇದೆ. ಬಾವಿಕಟ್ಟೆಯ ಬಸಳೆ, ಹಿತ್ತಲ ಹರಿವೆ, ಗೊನೆ ಕಡಿದ ಮೇಲೆ ಉಳಿದ ಬಾಳೆದಿಂಡು, ಒಂದೆಲಗದ ತಂಬುಳಿ, ಇವಕ್ಕೆ ಎಷ್ಟು ಖರ್ಚು? ಸಂಜೆ ಬಿಸ್ಕತ್ತಿನ ಬದಲು ಒಂದು ಹಿಡಿ ನೆನೆಸಿದ ಶೇಂಗಾ.

ದಾಸೋಹದ ಮಾತು. ಪ್ರಸಾದ ಚೆಲ್ಲಬಾರದು ಎಂಬುದು ನಮ್ಮ ನಡೆ. ಆದರೆ ಬಡಿಸುವ ಮುನ್ನ ಕೈ ಅಡ್ಡ ಹಿಡಿದರೆ ಪ್ರಸಾದಕ್ಕೆ ಅವಮಾನವಲ್ಲ. ಮಠಗಳಲ್ಲಿ ಬಡಿಸುವ ಬಂಧುಗಳಿಗೆ ನನ್ನ ವಿನಂತಿ: ಪಲ್ಯ, ಉಸಲಿ ಮೊದಲು ಬರಲಿ, ಅನ್ನ ಆಮೇಲೆ. ‘ಇನ್ನೊಂದಿಷ್ಟು ಹಾಕ್ಕೊಳ್ರಿ’ ಎಂಬ ಒತ್ತಾಯ ಪಾಯಸಕ್ಕೆ ಬೇಡ.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಅನ್ನ ಕಡಿಮೆ ಮಾಡಿದರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಮೊದಲು ವೈದ್ಯರಿಗೆ ತಿಳಿಸಿ, ಔಷಧಿಯ ಪ್ರಮಾಣ ಕೇಳಿಕೊಳ್ಳಿ. ಮೂತ್ರಪಿಂಡದ ತೊಂದರೆಯಿರುವವರು ಕಾಳನ್ನೂ ಕೇಳಿಯೇ ಹೆಚ್ಚಿಸಬೇಕು. ಆಮೇಲೆ ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಎರಡು ಗಂಟೆಗೆ ಒಮ್ಮೆ ಪರೀಕ್ಷಿಸಿ, ತಿಂದದ್ದನ್ನೂ ಬಂದ ಅಂಕಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಪುಸ್ತಕ ಕೈಯಲ್ಲಿರಲಿ.