ಏಳರಿಂದ ಎಂಟಕ್ಕೆ ಹೋಗುವ ಮಗುವಿಗೆ ಆಸರೆಯಾಗಿ

(ಯಡ್ರಾಮಿಯ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಯಾವಾಗಲೂ ದನಗಳ ಬಗ್ಗೆ ಮಾತಾಡುವ ನಾನು ಇಂದು ಮಕ್ಕಳ ಶಾಲೆಯ ಬಗ್ಗೆ ಎರಡು ಮಾತು ಹೇಳಬಯಸುತ್ತೇನೆ. ಎರಡಕ್ಕೂ ಸಂಬಂಧವಿದೆ. ಶಾಲೆ ಬಿಟ್ಟ ಮಗುವಿನ ಕೈಗೆ ನಮ್ಮಲ್ಲಿ ಮೊದಲು ಬರುವುದು ದನದ ಹಗ್ಗ.

ಒಣ ಕಣಿಕೆ ತಿನ್ನುತ್ತಿದ್ದ ಎಮ್ಮೆಗೆ ಒಮ್ಮೆಲೇ ಹಸಿ ಮೇವು ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ಆದ್ದರಿಂದ ಹಳೆಯ ಮೇವಿನ ಜೊತೆ ಹೊಸದನ್ನು ದಿನವೂ ಸ್ವಲ್ಪ ಸ್ವಲ್ಪ ಬೆರೆಸುತ್ತೀರಿ. ಮಕ್ಕಳಿಗೂ ಬದಲಾವಣೆ ಹೀಗೆಯೇ ರೂಢಿಯಾಗಬೇಕು. ಅನೇಕ ಹಳ್ಳಿಗಳಲ್ಲಿ ಶಾಲೆ 7ನೇ ತರಗತಿಗೆ ಮುಗಿಯುತ್ತದೆ. 8ನೇ ತರಗತಿ ಎಂದರೆ ಬೇರೆ ಊರು, ಬಸ್ಸು, ವಿಷಯಕ್ಕೊಬ್ಬ ಶಿಕ್ಷಕರು. ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದ ಮಗು, ತಂದೆತಾಯಿಗಳೊಡನೆ ಗುಳೆ ಹೋಗಿ ಬಂದ ಮಗು, ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತ ಮಗು ಇಲ್ಲಿ ಎಡವುತ್ತದೆ. ಅದು ದಡ್ಡತನವಲ್ಲ.

ಹಾಗಾದರೆ ನೀವು ಮಾಡಬೇಕಾದುದೇನು?

1. ಬೇಸಿಗೆ ರಜೆಯಲ್ಲೇ ಮಗುವನ್ನು ಒಮ್ಮೆ ಕರೆದುಕೊಂಡು ಹೋಗಿ ಹೊಸ ಶಾಲೆಯನ್ನೂ ಬಸ್ ದಾರಿಯನ್ನೂ ತೋರಿಸಿರಿ. ಅದೇ ಊರಿನ ಮೇಲಿನ ತರಗತಿಯ ಮಗುವನ್ನು ಜೊತೆಮಾಡಿರಿ.

2. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಕ್ಕಳಿಗೆ 8ನೇ ತರಗತಿಯವರೆಗೆ ಉಚಿತ ಶಿಕ್ಷಣವಿದೆ. ಟಿ.ಸಿ. ತರುವುದು ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಗುಳೆಯಿಂದ ತಡವಾಗಿ ಬಂದವರು ಇದನ್ನು ನೆನಪಿಡಿರಿ.

3. ಡೇರಿಗೆ ಹಾಲು ಹಾಕುವ ಹೊತ್ತೂ ಬಸ್ಸಿನ ಹೊತ್ತೂ ಒಂದೇ ಆದರೆ ಕ್ಯಾನು ದೊಡ್ಡವರು ತರಲಿ. ಮಗುವೇ ತಂದರೆ ಕಾರ್ಯದರ್ಶಿಗಳು ಅದರ ಹಾಲನ್ನು ಮೊದಲು ಅಳೆದು ಕಳಿಸಲಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

4. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಊರು ದೂರವಾದರೆ ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿ ನಿಲಯಗಳಿಗೆ ಸಕಾಲದಲ್ಲಿ ಅರ್ಜಿ ಹಾಕಿರಿ.

5. ಮೊದಲ ಎರಡು ತಿಂಗಳು ಬಹಳ ಮುಖ್ಯ. ಮಗು ಮೂರು ದಿನ ಶಾಲೆಗೆ ಹೋಗದಿದ್ದರೆ ಬೈಯಬೇಡಿರಿ, ಕಾರಣ ಕೇಳಿರಿ. ಶಿಕ್ಷಕರನ್ನು ಕಂಡು ಮಾತಾಡಿರಿ.

2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಆರಂಭವಾಯಿತು. ನಿಮ್ಮಂಥ ಉತ್ಪಾದಕರ ಹಾಲು ಪುಡಿಯಾಗಿ ಶಾಲೆಯನ್ನು ತಲುಪುತ್ತಿದೆ. ನಾವು ಹಿಂಡಿದ ಹಾಲು ಶಾಲೆಗೆ ಹೋಗಿ, ನಮ್ಮ ಮಗು ಮಾತ್ರ ದನದ ಹಿಂದೆ ಉಳಿಯಬಾರದು. ಈ ಜೂನ್‌ನಲ್ಲಿ ನಿಮ್ಮ ಸಂಘದ ಸದಸ್ಯರ ಮನೆಗಳಲ್ಲಿ 7ನೇ ತರಗತಿ ಮುಗಿಸಿದ ಮಕ್ಕಳೆಷ್ಟು, 8ಕ್ಕೆ ಸೇರಿದವರೆಷ್ಟು ಎಂದು ಲೆಕ್ಕ ಹಾಕಿರಿ. ಸೇರದವರ ಮನೆಗೆ ಇಬ್ಬರು ಹಿರಿಯರು ಹೋಗಿ ಬನ್ನಿರಿ.